ಹೆಸರು ಹೇಳದ ಗುಂಡಿಗಳು

ಅನುಕೂಲ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಫೋನಣ್ಣನ ಕೈ ತಾನಾಗಿಯೇ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಅದಕ್ಕೆ ಕಾರಣವಿತ್ತು. ಆರು ವರ್ಷದ ಹಿಂದೆ ನೀರು ಸರಬರಾಜು ಕಚೇರಿಯ ಫೋನ್ ಕೋಣೆಯಲ್ಲಿ ನಾಲ್ಕು ಜನ ಕೂರುತ್ತಿದ್ದರು. ಒಂದು ದಿನ ಮೆತ್ತಗಿನ ದನಿಯ ಮನುಷ್ಯನೊಬ್ಬ ಬಂದ. ಎಲ್ಲಾ ನಿಮ್ಮ ಅನುಕೂಲಕ್ಕೇ ಎಂದ. ವಾರಪೂರ್ತಿ ಪಕ್ಕದಲ್ಲಿ ಕೂತು ಯಾರು ಏನು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂದು ಕೇಳಿ ಕೇಳಿ ಬರೆದುಕೊಂಡ. ಎಲ್ಲರ ಮಕ್ಕಳ ಓದು ವಿಚಾರಿಸಿದ. ಅವನು ಹೋದ ಮೂರನೇ ತಿಂಗಳಿಗೆ ಮೂರು ಕುರ್ಚಿಗಳು ಎತ್ತಂಗಡಿಯಾದವು. ಉಳಿದದ್ದು ಫೋನಣ್ಣನ ಕುರ್ಚಿ ಒಂದೇ. ಅದೂ ಯಾಕೆ ಉಳಿಯಿತು ಎಂಬುದು ಅವನಿಗೆ ಇವತ್ತಿಗೂ ಅನುಮಾನ.

ಅವನಿಗೆ ಹುಟ್ಟಿನಿಂದಲೂ ಕಣ್ಣು ಕಾಣುತ್ತಿರಲಿಲ್ಲ. ಅವನ ಪಾಲಿಗೆ ಅದೇನೂ ದೊಡ್ಡ ಸುದ್ದಿಯಲ್ಲ, ಹೊಸದಾಗಿ ಪರಿಚಯವಾದವರಿಗೆ ಮಾತ್ರ ಸುದ್ದಿ. ಯಾವ ಬೀದಿಯ ಕೆಳಗೆ ಯಾವ ಕೊಳವೆ ಹಾದಿದೆ, ಯಾವ ವಾಲ್ವ್ ತಿರುಗಿಸಿದರೆ ಯಾರ ಮನೆಯ ನಲ್ಲಿ ಒಣಗುತ್ತದೆ, ಎಲ್ಲ ಅವನ ತಲೆಯಲ್ಲಿತ್ತು. ಕೊಳವೆ ರಿಪೇರಿಯವರು ವಾಲ್ವ್ ಗುಂಡಿಗೆ ಇಳಿಯುವ ಮೊದಲು ಅವನಿಗೆ ಫೋನು ಮಾಡಬೇಕು. ಅವನು ಪಂಪ್‌ಹೌಸಿನ ವಾಲ್ವ್‌ಮನ್‌ಗೆ ಹೇಳಿ ನೀರು ನಿಲ್ಲಿಸಬೇಕು. ಇಳಿದವರು ಮೇಲೆ ಬಂದಮೇಲೆ ಮತ್ತೆ ಬಿಡಿಸಬೇಕು. ಇಷ್ಟೇ ಕೆಲಸ. ಆದರೆ ಗುಂಡಿಯೊಳಗೆ ಇಳಿದವನ ಜೀವ ಈ ಇಷ್ಟೇ ಎಂಬುದರ ಮೇಲೆ ನಿಂತಿರುತ್ತಿತ್ತು. ಹದಿನೆಂಟು ವರ್ಷದಲ್ಲಿ ಒಬ್ಬನಿಗೂ ಏನೂ ಆಗಿರಲಿಲ್ಲ. ಫೋನಣ್ಣ ಎಂದು ಹೆಸರಿಟ್ಟವರು ಆ ಇಳಿಯುವ ಜನರೇ. ಸಂಬಳದ ಚೀಟಿಯಲ್ಲಿ ಬೇರೇನೋ ಹೆಸರಿತ್ತು, ಅದನ್ನು ಯಾರೂ ಕರೆಯುತ್ತಿರಲಿಲ್ಲ.

ಈ ಸುಖಕ್ಕೆ ಕಲ್ಲು ಹಾಕಿದ್ದು ಹಲಗೆ.

ಹಲಗೆ ಎಂದರೆ ಮರದ್ದಲ್ಲ, ಕಂಪ್ಯೂಟರಿನೊಳಗಿನದು. ಕಚೇರಿಯಲ್ಲಿ ಕೂತ ಸಾಹೇಬರು, ಪಂಪ್‌ಹೌಸಿನ ವಾಲ್ವ್‌ಮನ್, ರಸ್ತೆಯಲ್ಲಿರುವ ಮೇಸ್ತ್ರಿಗಳು ಎಲ್ಲರೂ ಒಂದೇ ಪುಟವನ್ನು ತಮ್ಮ ತಮ್ಮ ಜಾಗದಿಂದ ನೋಡುವುದು. ಇನ್ನು ಮುಂದೆ ವಾಲ್ವ್‌ಮನ್‌ಗೆ ಬಾಯಿಮಾತಿನಲ್ಲಿ ಹೇಳುವ ಹಾಗಿಲ್ಲ, ಎಲ್ಲ ಹಲಗೆಯ ಮೇಲೆ ಬರಬೇಕು ಎಂದು ಆಜ್ಞೆಯಾಯಿತು. ಒಂದೊಂದು ಕೆಲಸದ ಮುಂದೆ ಸಾಲಾಗಿ ಐದು ಗುಂಡಿ. ಕಣ್ಣಿದ್ದವರಿಗೆ ಗುಂಡಿಯ ಮೇಲೆ ಪುಟ್ಟ ಪುಟ್ಟ ಚಿತ್ರ ಕಾಣುತ್ತಿತ್ತಂತೆ. ಹೆಬ್ಬೆರಳು, ಲಾರಿ, ಗೀಟು ಹೊಡೆದ ನೀರಿನ ಹನಿ, ಮನುಷ್ಯನ ತಲೆ, ಗೀಟಿಲ್ಲದ ಹನಿ.

ಫೋನಣ್ಣನ ಕಂಪ್ಯೂಟರಿನಲ್ಲಿ ಪರದೆಯನ್ನು ಓದಿ ಹೇಳುವ ಒಂದು ದನಿಯಿತ್ತು. ಅವನು ಅದನ್ನು ಗಿಣಿ ಎನ್ನುತ್ತಿದ್ದ. ಗಿಣಿ ಎಂಟು ವರ್ಷ ಹಳೆಯದು, ಅವನಷ್ಟೇ ಹಟಮಾರಿ. ಪತ್ರ ಓದುತ್ತಿತ್ತು, ಪಟ್ಟಿ ಓದುತ್ತಿತ್ತು. ಹಲಗೆಯ ಮುಂದೆ ಕೂರಿಸಿದರೆ ಮಾತ್ರ ಅದಕ್ಕೆ ಚಿತ್ರದ ಹಿಂದೆ ಏನೂ ಸಿಗಲಿಲ್ಲ.

“ಗುಂಡಿ,” ಎಂದಿತು ಗಿಣಿ. ಅವನು ಮುಂದಿನದಕ್ಕೆ ಹೋದ. “ಗುಂಡಿ.” ಅದರ ಮುಂದಿನದಕ್ಕೆ ಹೋದ. “ಗುಂಡಿ.”

ಊರೆಲ್ಲ ಬಟನ್ ಎನ್ನುವ ವಸ್ತುವಿಗೆ ಗಿಣಿಗೆ ಮಾತು ಕಲಿಸಿದ ಪುಣ್ಯಾತ್ಮ ಯಾರೋ ಗುಂಡಿ ಎಂದೇ ಕಲಿಸಿದ್ದ. ಅಂಗಿಯ ಅಂಗಡಿಯಲ್ಲಾದರೆ ಸರಿ. ದಿನಬೆಳಗಾದರೆ ಜನ ಗುಂಡಿಗೆ ಇಳಿಯುವ ಕಚೇರಿಯಲ್ಲಿ ಹೀಗೆ ಐದು ಸಲ ಕೂಗಿದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಯಾರಿಗಾದರೂ ಹೇಳಬಹುದಿತ್ತು. ಹೇಳಿದರೆ? “ಪಾಪ, ಅವನ ಕೈಲಿ ಆಗಲ್ಲ” ಎನ್ನುತ್ತಾರೆ. ಆ ಪಾಪ ಎಂಬ ಶಬ್ದ ಎಷ್ಟು ಕುರ್ಚಿ ನುಂಗಿದೆ ಎಂಬುದು ಅವನಿಗೆ ಗೊತ್ತು. ಅದಕ್ಕೇ ಕಚೇರಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡ, ಹಳೆಯ ಸ್ನೇಹಿತ ಮೇಸ್ತ್ರಿಯೊಬ್ಬನನ್ನು ಬಿಟ್ಟು. ಇಬ್ಬರೂ ಎರಡು ದಿನ ಊಟದ ಬಿಡುವಿನಲ್ಲಿ ಕೂತು ಸುಳ್ಳು ಕೆಲಸವೊಂದನ್ನು ಹಲಗೆಗೆ ಏರಿಸಿದರು. ಫೋನಣ್ಣ ಒತ್ತುವುದು, ಮೇಸ್ತ್ರಿ ತನ್ನ ಮೊಬೈಲು ನೋಡಿ ಏನಾಯಿತು ಎಂದು ಹೇಳುವುದು.

“ಒಂದು, ಕೆಲಸ ಒಪ್ಕೊಂಡ್ವಿ. ಎರಡು, ಗಾಡಿ ಹೊರಡ್ತು. ಮೂರು, ನೀರು ನಿಲ್ಸು. ನಾಲ್ಕು, ಜನ ಒಳಗಿದಾರೆ. ಐದು, ಎಲ್ಲಾ ಮೇಲೆ ಬಂದ್ರು, ನೀರು ಬಿಡು,” ಎಂದ ಮೇಸ್ತ್ರಿ. “ಮಗ್ಗಿ ಕಲಿತ ಹಾಗೆ ಕಲ್ತುಬಿಡು ಫೋನಣ್ಣ. ನಾಲ್ಕಕ್ಕೆ ನಾವು ಒಳಗೆ, ಐದಕ್ಕೆ ಹೊರಗೆ. ನನ್ನ ಜೀವ ನಾಲ್ಕರಲ್ಲಿದೆ, ನೋಡ್ಕೋ.”

ಹದಿನೈದು ದಿನದಲ್ಲಿ ಫೋನಣ್ಣನ ಬೆರಳು ಹಲಗೆಯ ಮೇಲೆ ಕಣ್ಣಿದ್ದವರಿಗಿಂತ ಜೋರಾಗಿ ಓಡತೊಡಗಿತು. ಸಾಹೇಬರು ಬಂದು ಬೆನ್ನು ತಟ್ಟಿದರು. ತಟ್ಟಿದ ಕೈ ಭುಜದ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು. ಅದನ್ನೂ ಅವನು ಗಮನಿಸದೆ ಬಿಡಲಿಲ್ಲ.

ಮಾರನೇ ವಾರವೇ ಅವಳು ಬಂದಳು.

“ಅಣ್ಣಾ, ನಮಸ್ಕಾರ. ಹಲಗೆ ಎಲ್ಲರಿಗೂ ಬಳಸೋಕೆ ಬರುತ್ತಾ ಅಂತ ಪರೀಕ್ಷೆ ಮಾಡೋದು ನನ್ನ ಕೆಲಸ. ಕಣ್ಣು ಕಾಣ್ದೋರು, ಕಿವಿ ಕೇಳ್ದೋರು, ಕೈ ಸ್ವಾಧೀನ ಇಲ್ದೋರು, ಎಲ್ಲರಿಗೂ. ನಿಮ್ಮ ಜೊತೆ ಮೂರು ದಿನ ಕೂರ್ತೀನಿ, ಬೇಜಾರಿಲ್ಲ ತಾನೆ? ಎಲ್ಲಾ ನಿಮ್ಮ ಅನುಕೂಲಕ್ಕೆ.”

ಫೋನಣ್ಣ ಕುರ್ಚಿಯ ತೋಳು ಹಿಡಿದ.

ಅವಳದು ಎಳೆಯ ದನಿ, ಮಾತಿನಲ್ಲಿ ಮುಚ್ಚುಮರೆ ಇದ್ದ ಹಾಗೆ ಕಾಣಲಿಲ್ಲ. ಹಾಗೆ ಕಾಣದಿರುವುದೇ ಅವನಿಗೆ ಹೆಚ್ಚು ಅನುಮಾನ ತಂದಿತು. ಅವಳು ಬಾಯಿ ತೆರೆದರೆ ಪ್ರಶ್ನೆ. ಇದು ಹೇಗೆ, ಅದು ಯಾಕೆ, ಮೊದಲು ಹೇಗಿತ್ತು, ಈಗ ಎಷ್ಟು ಹೊತ್ತಾಗುತ್ತದೆ? ಅವನು ಮನಸ್ಸಿನಲ್ಲೇ ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟ. ಬಾಯಲ್ಲಿ ಮಾತ್ರ ಮೇಡಂ, ಮೇಡಂ ಎಂದು ಬೆಣ್ಣೆಯಂತೆ ಕರೆದ. ಅವನ ಪ್ರತಿ ಉತ್ತರಕ್ಕೂ ಅವಳ ಪೆನ್ನು ಕಾಗದದ ಮೇಲೆ ಕಿರ್ ಕಿರ್ ಎನ್ನುತ್ತಿತ್ತು. ಎರಡನೇ ದಿನ ಅವನು ಇನ್ನೊಂದು ಸದ್ದು ಹಿಡಿದ. ಅವನು ಕೀಲಿ ಒತ್ತಿದಂತೆಲ್ಲ ಅವಳು ಉಸಿರಿನಲ್ಲೇ ಎಣಿಸುತ್ತಿದ್ದಳು. ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ತಾರು...

“ಏನ್ ಮೇಡಂ, ಲೆಕ್ಕ ಹಾಕ್ತಿದೀರಾ?”

“ಹೂಂ ಅಣ್ಣ. ಒಂದು ಕೆಲಸಕ್ಕೆ ನೀವು ಎಷ್ಟು ಸಲ ಒತ್ತಬೇಕಾಗುತ್ತೆ ಅಂತ. ಕಣ್ಣಿರೋರು ಐದು ಸಲ ಒತ್ತಿದ್ರೆ ಮುಗೀತು. ನಿಮಗೆ ಇಪ್ಪತ್ತಾರು.”

ಇಪ್ಪತ್ತಾರು! ಇದು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದು ಸಂಜೆ ಕೋಲು ಹಿಡಿದು ಪಡಸಾಲೆ ದಾಟುವಾಗ ಸಾಹೇಬರ ಕೋಣೆಯ ಬಾಗಿಲು ಅರೆತೆರೆದಿತ್ತು. ಒಳಗಿನಿಂದ ಅವಳ ದನಿ ಬಂತು. “ಅವರಿಗೆ ಆಗ್ತಿಲ್ಲ ಅಂತಾದ್ರೆ ಬದಲಾಯಿಸ್ಲೇಬೇಕು ಸರ್. ಕಾಯೋ ಹಾಗಿಲ್ಲ. ಜನರ ಜೀವದ ವಿಷಯ.”

ಏನನ್ನು ಬದಲಾಯಿಸಬೇಕು ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ ಎಂದುಕೊಂಡ ಫೋನಣ್ಣ. ಅವನ ಕಾಲು ಮನೆಯವರೆಗೂ ನೆಲಕ್ಕೆ ತಾಗಲಿಲ್ಲ, ಸಿಟ್ಟಿನಿಂದ.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು. ಬೀದಿಯವರ ಬಟ್ಟೆ ಸರಿಮಾಡಿ ಕೊಡುವುದು ಅವಳ ಕೆಲಸ. ಗಂಡನ ಅಂಗಿಗಳ ಕಾಲರಿನ ಒಳಗೆ ಒಂದೊಂದು ಬೇರೆ ಗುಂಡಿ ಹೊಲಿದಿಟ್ಟಿದ್ದಳು. ಬಿಳಿ ಅಂಗಿಗೆ ಎರಡು ತೂತಿನದು, ನೀಲಿಗೆ ನಾಲ್ಕು ತೂತಿನದು, ಗೆರೆಯಿದ್ದದ್ದಕ್ಕೆ ಬಟ್ಟೆ ಸುತ್ತಿದ್ದು. ಅವನು ಬೆರಳಿನಲ್ಲೇ ಬಣ್ಣ ನೋಡುತ್ತಿದ್ದ.

“ನನಗೆ ಗುಂಡಿ ತೋಡ್ತಿದಾರೆ ಕಣೇ,” ಎಂದ.

“ಯಾರ್ರೀ?”

“ಪರೀಕ್ಷೆ ಮಾಡೋಕೆ ಬಂದಿದಾಳಲ್ಲ, ಅವಳು. ಅನುಕೂಲ ಅಂತೆ.”

“ಆ ಗುಂಡಿಗಳು ಹೆಸರು ಹೇಳಲ್ಲ ಅಂತಿದ್ರಲ್ಲ, ಅದನ್ನ ಅವಳಿಗೆ ಹೇಳಿದ್ರಾ?”

“ಹೇಳಿದ್ರೆ ಮಾರನೇ ದಿನ ಮನೇಲಿ ಕೂರ್ಬೇಕಾಗತ್ತೆ. ನಿನ್ನ ಯಂತ್ರಕ್ಕೆ ದಾರ ಪೋಣಿಸಿಕೊಂಡು.”

ಹೆಂಡತಿ ಯಂತ್ರದ ಚಕ್ರ ನಿಲ್ಲಿಸಿದಳು. “ಅಂಗಿ ಬಣ್ಣ ಗೊತ್ತಾಗಲ್ಲ ಅಂತ ನನಗೆ ಹೇಳೋಕೆ ನಾಚಿಕೆ ಆಗಿತ್ತಾ ನಿಮಗೆ? ಹೇಳಿದ್ರಿ, ನಾನು ಹಚ್ಚಿಕೊಟ್ಟೆ. ಅಷ್ಟೇ ತಾನೆ?”

“ನೀನು ಹೆಂಡ್ತಿ. ಅವಳು ಆಫೀಸು.”

ಈ ಉತ್ತರ ತುಂಬ ಚೆನ್ನಾಗಿದೆ ಎಂದು ಅವನಿಗೇ ಅನ್ನಿಸಿತು. ಹೆಂಡತಿಗೆ ಅನ್ನಿಸಿದಂತಿರಲಿಲ್ಲ. ಯಂತ್ರ ಮತ್ತೆ ಕಟಕಟ ಶುರುವಾಯಿತು.

ಮೂರನೇ ದಿನ ಪ್ರಶ್ನೆಪತ್ರಿಕೆ ತನ್ನ ಕೊನೆಯ ಪ್ರಶ್ನೆ ತೆಗೆದಳು.

“ಅಣ್ಣಾ, ಪ್ರತಿ ಗುಂಡಿಗೂ ಒಂದು ಹೆಸರು ಬರೆಸಿಟ್ಟಿದೀವಿ. ನನ್ನ ಕಂಪ್ಯೂಟರಲ್ಲಿ ಸರಿಯಾಗಿ ಕೇಳುತ್ತೆ. ನಿಮ್ಮದು ಹಳೇದು, ಬರದೇ ಇರಬಹುದು. ನಿಮ್ಮದರಲ್ಲಿ ಹೆಸರು ಹೇಳುತ್ತಾ?”

ನಿಮ್ಮದು ಹಳೇದು! ಹಳೆಯದನ್ನು ಏನು ಮಾಡುತ್ತಾರೆ ಎಂದು ಅವನಿಗೆ ಗೊತ್ತಿಲ್ಲವೇ?

“ಹೇಳುತ್ತೆ,” ಎಂದ.

“ನಾನೂ ಒಂದ್ಸಲ ಕೇಳ್ಲಾ?”

ಅವನು ಕಿವಿಗೆ ಹಾಕಿದ್ದ ತಂತಿಯನ್ನು ತೆಗೆದು ಅವಳ ಕಡೆ ಚಾಚಿದ. ಗಿಣಿಯ ವೇಗವನ್ನು ಅವನು ಕೊನೆಯ ಮಟ್ಟಕ್ಕೆ ಏರಿಸಿದ್ದ. ವರ್ಷಗಟ್ಟಲೆ ಅಭ್ಯಾಸವಿದ್ದ ಕಿವಿಗೆ ಮಾತ್ರ ಅದು ಮಾತು, ಉಳಿದವರಿಗೆ ಕಾದ ಬಾಣಲೆಗೆ ನೀರು ಚಿಮುಕಿಸಿದ ಸದ್ದು. ಐದೂ ಗುಂಡಿಯ ಮೇಲೆ ಬೆರಳೋಡಿಸಿದ. ಅವಳು ನಕ್ಕಳು.

“ಅಯ್ಯೋ, ನನಗೆ ಒಂದಕ್ಷರ ಗೊತ್ತಾಗ್ಲಿಲ್ಲ. ಸ್ವಲ್ಪ ನಿಧಾನ ಮಾಡ್ತೀರಾ?”

“ನಿಧಾನ ಮಾಡೋಕೆ ಬರಲ್ಲ ಮೇಡಂ. ಹಳೇದಲ್ವಾ?”

ಅವಳು ಮುಚ್ಚಿದ ಪೆನ್ನಿನಿಂದ ಮೇಜಿಗೆ ಎರಡು ಸಲ ಕುಟ್ಟಿದಳು. ಅನುಮಾನ ಬಂದಿರಬೇಕು. ಆಮೇಲೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು.

“ದಿನಾ ಇದರಲ್ಲಿ ಕೆಲಸ ಮಾಡೋರು ನೀವು. ನಿಮ್ಮ ಮಾತು ನಂಬಿ ಬರೀತೀನಿ. ಪ್ರತಿಯೊಂದು ಗುಂಡಿಯೂ ಹೆಸರು ಹೇಳುತ್ತದೆ. ಬರೀಲಾ?”

“ಬರೀರಿ.”

ಬರೆದಳು. ಅವಳು ಹೋದಮೇಲೆ ಫೋನಣ್ಣ ಒಂದು ಲೋಟ ನೀರು ಕುಡಿದು ಹಾಯಾಗಿ ಕಾಲು ಚಾಚಿದ. ಎಂಥೆಂಥವರನ್ನು ನೋಡಿಲ್ಲ ಎಂದುಕೊಂಡ.

ಒಂದು ತಿಂಗಳು ಕಳೆಯಿತು. ಒಂದು ಸೋಮವಾರ ಬೆಳಗ್ಗೆ ಅವನು ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಹಾಕಿದಾಗ ಗಿಣಿ ಮೊದಲಿಗೆ ಒಂದು ಪ್ರಕಟಣೆ ಓದತೊಡಗಿತು. “ಎಲ್ಲರ ಗಮನಕ್ಕೆ. ಇಂದಿನಿಂದ ಹಲಗೆ ಇನ್ನಷ್ಟು ಅನುಕೂಲ...”

ಅನುಕೂಲ ಎಂಬಲ್ಲಿಗೆ ಅವನ ಬೆರಳು ಗಿಣಿಯ ಕತ್ತು ಹಿಸುಕಿತು. ಇವರ ಅನುಕೂಲದ ಪುರಾಣ ಕೇಳುತ್ತ ಕೂರುವುದಕ್ಕೆ ಅವನಿಗೆ ಪುರುಸೊತ್ತಿರಲಿಲ್ಲ. ಫೋನು ಆಗಲೇ ಬಡಿದುಕೊಳ್ಳುತ್ತಿತ್ತು. ಶಾಲೆಯ ಹಿಂದಿನ ಬೀದಿಯಲ್ಲಿ ದೊಡ್ಡ ಕೊಳವೆ ಸೋರುತ್ತಿದೆ ಎಂದು ದೂರು. ಮೇಸ್ತ್ರಿಗೆ ಹೇಳಿದ. ಒಪ್ಪಿದ್ದಕ್ಕೆ ಒಂದನೇ ಗುಂಡಿ ಒತ್ತಿದ. ಗಾಡಿ ಹೊರಟದ್ದಕ್ಕೆ ಎರಡನೆಯದು ಒತ್ತಿದ.

ಹತ್ತು ನಿಮಿಷಕ್ಕೆ ಆ ಬೀದಿಯಿಂದ ಹೆಂಗಸೊಬ್ಬಳ ಫೋನು ಬಂತು. “ಏನ್ರೀ ಇದು, ಹೇಳದೇ ಕೇಳದೇ ನೀರು ನಿಲ್ಲಿಸಿಬಿಟ್ರಿ? ಸ್ನಾನಕ್ಕೆ ಕೂತೋಳು ನಾನು, ಸೋಪು ಹಾಗೇ ಇದೆ.”

“ನೀರು ಯಾರೂ ನಿಲ್ಲಿಸಿಲ್ಲಮ್ಮ. ಇನ್ನೂ ಗಾಡೀನೇ ತಲುಪಿಲ್ಲ.”

“ಮತ್ತೆ ನಾನೇನು ಸುಳ್ಳು ಹೇಳ್ತಿದೀನಾ?”

ಹೇಳುತ್ತಿದ್ದಾಳೆ ಎಂದೇ ಫೋನಣ್ಣನಿಗೆ ಅನ್ನಿಸಿತು. ಜನಕ್ಕೆ ನೀರಿನವರನ್ನು ಬೈಯಲು ಒಂದು ನೆಪ ಬೇಕು. ಊರೆಲ್ಲರ ಮೇಲೂ ಅನುಮಾನಪಡುವವನು ತನ್ನ ಬೆರಳಿನ ಮೇಲೊಂದು ಅನುಮಾನ ಪಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮೇಸ್ತ್ರಿ ತಲುಪಿ ಫೋನು ಮಾಡಿದ. “ನೀರು ನಿಲ್ಸು ಫೋನಣ್ಣ.” ಅವನು ಮೂರನೆಯದು ಒತ್ತಿದ. “ಭಲೇ, ಇವತ್ತು ಕೂಡ್ಲೇ ನಿಂತಿದೆ. ವಾಲ್ವ್‌ಮನ್‌ಗೆ ಹೊಸ ಹೆಂಡ್ತಿ ಬಂದಳಾ ಹೇಗೆ? ಸರಿ, ಇಳೀತಿದೀನಿ. ಲೈನಲ್ಲೇ ಇರು.”

ಫೋನಣ್ಣ ನಾಲ್ಕನೆಯದು ಒತ್ತಿದ.

ಏಣಿಯ ಮೇಲೆ ಬೂಟಿನ ಸದ್ದು. ಸ್ಪ್ಯಾನರ್ ಕಬ್ಬಿಣಕ್ಕೆ ತಾಗಿದ ಸದ್ದು. ಮೇಸ್ತ್ರಿ ಏನೋ ಗುನುಗುತ್ತಿದ್ದ. ಐದಾರು ನಿಮಿಷ ಆಗಿರಬಹುದು. ಆಮೇಲೆ ಫೋನಿನೊಳಗೆ ದೂರದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಕೊಳವೆ ಗೊರಗೊರ ಎಂದಿತು. ಆ ಸದ್ದು ಫೋನಣ್ಣನಿಗೆ ಹದಿನೆಂಟು ವರ್ಷದಿಂದ ಗೊತ್ತು. ಅದು ತುಂಬುತ್ತಿರುವ ಕೊಳವೆಯ ಸದ್ದು.

“ಮೇಲೆ ಬಾ! ಮೇಸ್ತ್ರೀ, ಮೇಲೆ ಬಾರೋ!”

ಮೇಸ್ತ್ರಿ ಒಮ್ಮೆ ಕೂಗಿದ. ಉಳಿದದ್ದೆಲ್ಲ ನೀರಿನ ಅಬ್ಬರ. ಫೋನಣ್ಣ ಹಲಗೆ, ಆಜ್ಞೆ ಎಲ್ಲವನ್ನೂ ಬಿಟ್ಟು ಇನ್ನೊಂದು ಫೋನೆತ್ತಿ ಪಂಪ್‌ಹೌಸಿನ ನಂಬರು ಒತ್ತಿದ. ಬೆರಳಿಗೆ ಆ ನಂಬರು ಮರೆತಿರಲಿಲ್ಲ. “ಮುಚ್ಚು! ಜನ ಒಳಗಿದಾರೆ, ಮುಚ್ಚು!” ಎಂದು ಕಿರುಚಿದ. “ಎಲ್ಲಾ ಮೇಲೆ ಬಂದ್ರು ಅಂತ ನೀನೇ ಅಲ್ವೇನಣ್ಣ ಹಾಕಿದ್ದು?” ಎಂದು ವಾಲ್ವ್‌ಮನ್ ಹೇಳುತ್ತ ಹೇಳುತ್ತಲೇ ಚಕ್ರ ತಿರುಗಿಸಲು ಓಡಿದ.

ಮೇಸ್ತ್ರಿ ಉಳಿದ. ನೀರು ಅವನನ್ನು ಎತ್ತಿ ಗೋಡೆಗೆ ಬಡಿದಿತ್ತು. ಮೇಲೆ ನಿಂತಿದ್ದ ಜೊತೆಗಾರ ಕಾಲರು ಹಿಡಿದು ಎಳೆದುಕೊಂಡನಂತೆ. ಭುಜದ ಮೂಳೆ ಮುರಿದಿತ್ತು, ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಇನ್ನೆರಡು ನಿಮಿಷ ತಡವಾಗಿದ್ದರೆ ಎಂದು ಯಾರೋ ಹೇಳಲು ಶುರುಮಾಡಿದರು. ಫೋನಣ್ಣ ಕಿವಿ ಮುಚ್ಚಿಕೊಂಡ.

ಏನಾಯಿತೆಂದು ಮಧ್ಯಾಹ್ನ ಅವನೇ ಕಂಡುಕೊಂಡ. ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ. “ಎಲ್ಲರ ಗಮನಕ್ಕೆ. ಇಂದಿನಿಂದ ಹಲಗೆ ಇನ್ನಷ್ಟು ಅನುಕೂಲ. ಕೇಳಿಸಿಕೊಂಡು ಕೆಲಸ ಮಾಡುವವರು ಒಂದು ಕೆಲಸಕ್ಕೆ ಇಪ್ಪತ್ತಾರು ಸಲ ಒತ್ತಬೇಕಾಗುತ್ತಿದ್ದ ಕಾರಣ ಮೊದಲ ಎರಡು ಗುಂಡಿಗಳನ್ನು ಸೇರಿಸಿ ಒಂದೇ ಮಾಡಲಾಗಿದೆ.”

ಐದು ನಾಲ್ಕಾಗಿತ್ತು. ಅವನ ನಾಲ್ಕು, ಮೇಸ್ತ್ರಿಯ ಜೀವವಿದ್ದ ನಾಲ್ಕು, ನೀರು ಬಿಡುವ ಗುಂಡಿಯಾಗಿತ್ತು. ಆ ಎರಡು ಗುಂಡಿಗಳನ್ನು ಸೇರಿಸಿದ್ದು ಪರೀಕ್ಷೆಗೆ ಬಂದಿದ್ದ ಅವಳು. ಅವನಿಗೋಸ್ಕರ ಸೇರಿಸಿದ್ದಳು. ಹೆಸರು ಕೇಳಿ ಒತ್ತುವವನಿಗೆ ಗುಂಡಿ ಹಿಂದೆ ಮುಂದೆ ಆದರೇನು ಎಂದು ನಂಬಿ ಸೇರಿಸಿದ್ದಳು. ಅವನು ಎಷ್ಟೋ ಹೊತ್ತು ಅಲ್ಲೇ ಕೂತಿದ್ದ.

ಸಂಜೆ ಆಸ್ಪತ್ರೆಗೆ ಹೋದ. ಮೇಸ್ತ್ರಿ ಪ್ಲಾಸ್ಟರಿನೊಳಗೆ ಮಲಗಿ ನಿಧಾನವಾಗಿ ಉಸಿರಾಡುತ್ತಿದ್ದ. ನಗಲು ಹೋಗಿ ಪಕ್ಕೆ ನೋವಿಗೆ ನಿಲ್ಲಿಸಿದ.

“ನಾಲ್ಕು ಒತ್ತಿದ್ಯಾ ಫೋನಣ್ಣ?”

“ನಾಲ್ಕೇ ಒತ್ತಿದೆ ಕಣೋ.”

“ನೀನು ತಪ್ಪೋನಲ್ಲ, ನನಗ್ಗೊತ್ತು. ನೋಡು, ನಾನು ಎಣಿಸೋಕೆ ಹೇಳಿಕೊಟ್ಟಿದ್ದು, ನೀನು ಎಣಿಸ್ತಿದ್ದಿದ್ದು, ಎಲ್ಲಾ ನಮ್ಮಿಬ್ಬರಲ್ಲೇ ಇರ್ಲಿ. ಸಾಹೇಬ್ರು ಕೇಳಿದ್ರೆ ನನ್ನ ಬಾಯಿಂದ ಬರಲ್ಲ. ನಿನ್ನ ಕುರ್ಚಿ ಹೋದ್ರೆ ನಾವು ಯಾರ ದನಿ ನಂಬಿ ಇಳಿಯೋದು?”

ಬೈದಿದ್ದರೆ ಚೆನ್ನಾಗಿತ್ತು. ಫೋನಣ್ಣ ಮಂಚದ ಕಬ್ಬಿಣ ಹಿಡಿದು ನಿಂತ.

ಮಾರನೇ ಬೆಳಗ್ಗೆ ವಿಚಾರಣೆಗೆ ಹೊರಟಾಗ ಹೆಂಡತಿ ಅಂಗಿ ಕೈಗಿಟ್ಟಳು. ಅವನು ಕಾಲರಿನ ಒಳಗೆ ತಡಕಿದ. ನಾಲ್ಕು ತೂತು, ನೀಲಿ. ಆ ಗುಂಡಿಯ ಮೇಲೆ ಅವನ ಬೆರಳು ಎಷ್ಟು ಹೊತ್ತು ನಿಂತಿತೆಂದು ಅವಳು ನೋಡುತ್ತಿದ್ದಿರಬೇಕು.

ಸಾಹೇಬರು ಅವನನ್ನು ಮೊದಲು ಪಡಸಾಲೆಯಲ್ಲೇ ತಡೆದರು. ದನಿ ತಗ್ಗಿಸಿದರು. “ನೋಡಪ್ಪಾ, ಹಲಗೆ ಹೇಳೋ ಪ್ರಕಾರ ಒತ್ತಿದ್ದು ನೀವೇ. ಆದ್ರೆ ನಿಮ್ಮ ಮೇಲೆ ಬರದ ಹಾಗೆ ನೋಡ್ಕೊಳ್ಬಹುದು. ಪ್ರತಿ ಗುಂಡಿನೂ ಹೆಸರು ಹೇಳುತ್ತೆ ಅಂತ ಆ ಹುಡುಗಿ ರುಜು ಹಾಕಿದಾಳೆ. ನಿಮ್ಮನ್ನ ಕೇಳದೇನೇ ಬರೆದ್ಲು ಅಂದ್ಬಿಡಿ. ಅವಳು ಹೊರಗಿನವಳು, ಅವಳ ಗುತ್ತಿಗೆ ಇವತ್ತಿಗೇ ಕಟ್. ನೀವು ನಮ್ಮವರು.”

ಹದಿನೆಂಟು ವರ್ಷದಲ್ಲಿ ಸಾಹೇಬರ ಬಾಯಿಂದ ನಮ್ಮವರು ಎಂಬ ಮಾತು ಅವನು ಕೇಳಿದ್ದು ಅದೇ ಮೊದಲು.

ಕೋಣೆಯಲ್ಲಿ ಅವಳು ಆಗಲೇ ಬಂದು ಕೂತಿದ್ದಳು. ಇವತ್ತು ಪೆನ್ನಿನ ಸದ್ದಿಲ್ಲ. ಈಗ ತನ್ನನ್ನೇ ಹಿಡಿದು ಮುಂದೆ ತಳ್ಳುತ್ತಾಳೆ ಎಂದು ಫೋನಣ್ಣ ಕಾದ. ಇವರೇ ಹೇಳಿದ್ದು, ಇವರ ಮಾತು ನಂಬಿ ಬರೆದೆ ಎನ್ನಲಿ, ಆಗ ಇವಳ ಬಣ್ಣ ಬಯಲಾಗುತ್ತದೆ. ಅವಳು ಹಾಗೆ ಅಂದುಬಿಟ್ಟರೆ ತಾನು ಸುಳ್ಳು ಹೇಳುವುದೂ ಸುಲಭವಾಗುತ್ತದೆ ಎಂದು ಅವನ ಮನಸ್ಸಿನ ಒಂದು ಮೂಲೆ ಹಾರೈಸುತ್ತಿತ್ತು.

“ನನ್ನ ತಪ್ಪು ಸರ್,” ಎಂದಳು ಅವಳು. “ಬರೆಯೋ ಮೊದಲು ನನ್ನ ಕಿವೀಲೇ ಕೇಳಿಸ್ಕೋಬೇಕಾಗಿತ್ತು. ಕೇಳಿಸ್ಕೊಳ್ಲಿಲ್ಲ.”

“ಇವರು ಏನಾದ್ರೂ ಹೇಳಿದ್ರಾ ನಿಮಗೆ?”

ಅವಳು ಉತ್ತರ ಕೊಡಲಿಲ್ಲ. ಇದರಲ್ಲಿ ಇವಳಿಗೇನು ಲಾಭ ಎಂದು ಫೋನಣ್ಣ ಹಳೆಯ ಚಾಳಿಯಂತೆ ಹುಡುಕಿದ. ಎಡಕ್ಕೆ ಹುಡುಕಿದ, ಬಲಕ್ಕೆ ಹುಡುಕಿದ. ಏನೂ ಸಿಗಲಿಲ್ಲ. ಅವಳ ಮೂಗು ಕಟ್ಟಿದ ಉಸಿರು ಮಾತ್ರ ಕೇಳಿಸುತ್ತಿತ್ತು. ನಾಚಿಕೆ ಅವನ ಅಂಗಾಲಿನಿಂದ ಹತ್ತಿತು.

“ಸರ್, ಎಲ್ಲರೂ ಒಂದ್ಸಲ ನನ್ನ ಮೇಜಿನ ಹತ್ರ ಬರ್ತೀರಾ?” ಎಂದ.

ಬಂದರು. ಅವನು ಕಿವಿಗೆ ಹಾಕುವ ತಂತಿಯನ್ನು ಕಂಪ್ಯೂಟರಿನಿಂದ ಕಿತ್ತ. ಗಿಣಿಯ ದನಿ ಮೊದಲ ಸಲ ಕೋಣೆಗೆಲ್ಲ ಕೇಳುವ ಹಾಗಾಯಿತು. ನಿಧಾನ ಮಾಡುವ ಕೀಲಿ ಎಲ್ಲಿದೆ ಎಂದು ಅವನಿಗೆ ಎಂಟು ವರ್ಷದಿಂದ ಗೊತ್ತಿತ್ತು. ವೇಗವನ್ನು ಇಳಿಸಿದ, ಇನ್ನೂ ಇಳಿಸಿದ, ಚಿಕ್ಕ ಮಕ್ಕಳಿಗೂ ತಿಳಿಯುವಷ್ಟು ಇಳಿಸಿದ. ಆಮೇಲೆ ಒಂದೊಂದಾಗಿ ಮುಂದಕ್ಕೆ ಹೋದ.

“ಗುಂಡಿ,” ಎಂದಿತು ಗಿಣಿ. “ಗುಂಡಿ. ಗುಂಡಿ. ಗುಂಡಿ.”

ಫೋನಣ್ಣ ಸಾಹೇಬರ ದನಿಯಿದ್ದ ಕಡೆ ತಿರುಗಿದ.

“ಮೊದಲಿಂದ್ಲೂ ಹಿಂಗೇ. ಇವರು ಕೇಳಿದ್ರು, ಹೆಸರು ಹೇಳುತ್ತಾ ಅಂತ. ನಾನು ಹೇಳುತ್ತೆ ಅಂದೆ. ನಿಧಾನ ಮಾಡಿ ಅಂದ್ರು. ಬರಲ್ಲ ಅಂದೆ. ಸುಳ್ಳು ಹೇಳ್ದೆ ಸರ್. ಎಣಿಸಿಕೊಂಡು ಒತ್ತುತ್ತಿದ್ದೆ.”

“ಯಾಕ್ರೀ?” ಎಂದರು ಸಾಹೇಬರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಆಗಲ್ಲ ಅಂದವನ ಕುರ್ಚಿ ಈ ಕೋಣೇಲಿ ಉಳಿದಿದ್ದನ್ನ ನಾನು ನೋಡಿಲ್ಲ ಸರ್. ಮೂರು ಕುರ್ಚಿ ಹೋಗಿದ್ದು ನಿಮಗೂ ನೆನಪಿರಬೇಕು.”

ಸಾಹೇಬರು ಎರಡು ಸಲ ಕೆಮ್ಮಿದರು. ವಿಚಾರಣೆ ಮುಗಿಯುವ ತನಕ ನಾಳೆಯಿಂದ ಫೋನಣ್ಣ ಆ ಕುರ್ಚಿಯಲ್ಲಿ ಕೂರುವ ಹಾಗಿಲ್ಲ ಎಂದರು. ಬೇರೊಬ್ಬರನ್ನು ಕೂರಿಸುವುದಾಗಿಯೂ ಮುಂದಿನದು ಮೇಲಿನವರಿಗೆ ಬಿಟ್ಟದ್ದೆಂದೂ ಹೇಳಿ ಬಾಗಿಲು ಎಳೆದುಕೊಂಡು ಹೋದರು. ನಮ್ಮವರು ಎಂಬ ಮಾತು ಮತ್ತೆ ಬರಲಿಲ್ಲ.

ಅವಳು ಮಾತ್ರ ಹೋಗಲಿಲ್ಲ. ಪಕ್ಕದ ಸ್ಟೂಲನ್ನು ಎಳೆದುಕೊಂಡು ಮೊದಲಿನ ಜಾಗದಲ್ಲೇ ಕೂತಳು.

“ಅವತ್ತು ಸಾಹೇಬ್ರ ಹತ್ರ ಬದಲಾಯಿಸ್ಲೇಬೇಕು ಅಂದ್ರಲ್ಲ,” ಎಂದು ಫೋನಣ್ಣ ಕೇಳಿದ. “ಏನನ್ನ?”

“ಹಲಗೇನ. ಮತ್ತೇನನ್ನ?” ಎಂದಳು. ಅವನು ಏನೆಂದುಕೊಂಡಿದ್ದ ಎಂದು ಹೊಳೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. “ನನಗೆ ನಿಮ್ಮ ಮೇಲೆ ಸಿಟ್ಟಿದೆ ಅಣ್ಣ. ಅದು ಆಮೇಲೆ. ಈಗ ಈ ಹಳೇ ಗಿಣಿಗೆ ಗುಂಡಿಗಳ ಹೆಸರು ಯಾಕೆ ಸಿಗ್ತಿಲ್ಲ ಅಂತ ನೋಡ್ಬೇಕು. ಒಂದು ಗಂಟೆ ಕೂರ್ತೀರಾ?”

ನಾಳೆ ಈ ಕುರ್ಚಿ ತನ್ನದಲ್ಲ. ಇವತ್ತು ಕೂತು ಸರಿಮಾಡಿಸಿದರೆ ಅನುಕೂಲವಾಗುವುದು ನಾಳೆ ಬರುವವನಿಗೆ. ಇದನ್ನೇ ಅಲ್ಲವೇ ಆರು ವರ್ಷದಿಂದ ಹೆದರಿದ್ದು? ಫೋನಣ್ಣ ಕುರ್ಚಿಯ ತೋಳನ್ನು ಒಮ್ಮೆ ಸವರಿ ಕೈ ಬಿಟ್ಟ. ನಾಳೆ ಯಾರು ಕೂತರೂ ಗುಂಡಿಗೆ ಇಳಿಯುವುದು ಅದೇ ಜನ.

“ಕೂರ್ತೀನಿ,” ಎಂದ.

ಅವಳು ಯಾರಿಗೋ ಫೋನು ಮಾಡಿದಳು, ತನ್ನ ಕಂಪ್ಯೂಟರಿನಲ್ಲಿ ಏನೇನೋ ಬರೆದಳು, ಬೈದಳು, ಅಳಿಸಿದಳು, ಮತ್ತೆ ಬರೆದಳು. ಗಂಟೆಯೊಂದು ಹೋಗಿ ಎರಡಾಯಿತು. ಮಧ್ಯಾಹ್ನ ಊಟದ ಡಬ್ಬಿಯನ್ನು ಇಬ್ಬರೂ ಮುಚ್ಚಳ ತೆರೆಯದೆ ಪಕ್ಕಕ್ಕಿಟ್ಟಿದ್ದರು. ಕೊನೆಗೆ ಅವಳು, “ಈಗ ನೋಡಿ,” ಎಂದಳು.

ಅವನು ಕೀಲಿ ಒತ್ತಿದ.

“ಗಾಡಿ ಹೊರಟಿದೆ, ಗುಂಡಿ,” ಎಂದಿತು ಗಿಣಿ. ಎಂಟು ವರ್ಷದ ಹಟ ಬಿಟ್ಟು ಹೇಳಿತು. “ನೀರು ನಿಲ್ಲಿಸಿ, ಗುಂಡಿ.” ಮೂರನೆಯದಕ್ಕೆ ಹೋದ. ನಾಲ್ಕನೆಯದಕ್ಕೆ ಹೋದ. ಹಿಂದಕ್ಕೆ ಬಂದು ಇನ್ನೊಮ್ಮೆ ಕೇಳಿದ.

“ಎಲ್ಲಾ ಹೇಳುತ್ತಾ ಅಣ್ಣ?” ಅವಳ ದನಿಯಲ್ಲಿ ಸುಸ್ತಿತ್ತು.

ಹೇಳುತ್ತೆ ಎಂದುಬಿಟ್ಟರೆ ಅವಳು ಮನೆಗೆ ಹೋಗಬಹುದು. ಅವನೂ ಹೋಗಬಹುದು.

“ಇಲ್ಲ ಮಗಳೇ,” ಎಂದ ಫೋನಣ್ಣ. “ಮೂರನೇದು ಇನ್ನೂ ಬರೀ ಗುಂಡಿ ಅಂತಿದೆ. ಜನ ಒಳಗಿರೋದು ಅದರಲ್ಲೇ. ಇನ್ನೊಂದ್ಸಲ ನೋಡು.”

ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಅವಳು ಬರೆದುಕೊಂಡಳು.